ಒಂದು ಎಕರೆ ತೋಟ 90 ಎಕರೆ ಆಗುವುದು ಹೇಗೆ?

ಮಡಿಕೇರಿ ಪಕ್ಕದ ಒಂದು ಎಕರೆ ಕಾಫಿ ತೋಟ. ನಾಲ್ಕೂ ಮೂಲೆಯಲ್ಲಿ ನಿಂತು ಜಿಪಿಎಸ್ ಬಿಂದು ಹಿಡಿದುಕೊಂಡು, ವಿಸ್ತೀರ್ಣ ತೆಗೆಯುವ ಪುಟ್ಟ ಪ್ರೋಗ್ರಾಂ ಬರೆದಿರಿ ಎನ್ನಿ. ಅಕ್ಷಾಂಶ 12.42, ರೇಖಾಂಶ 75.74ರ ಆಸುಪಾಸು. ಇವನ್ನು ಫ್ಲೋಟ್ ಎಂಬ ಸಂಖ್ಯಾ ಬಗೆಯಲ್ಲಿ ಇಟ್ಟರೆ ಉತ್ತರ ಸೊನ್ನೆ ಬರಬಹುದು, 90 ಎಕರೆಯೂ ಬರಬಹುದು. ಸೂತ್ರ ಮಾತ್ರ ಸರಿಯಾಗಿಯೇ ಇರುತ್ತದೆ.

ದಶಮಾಂಶ ಸಂಖ್ಯೆ ಇಡಲು ಪ್ರೋಗ್ರಾಂಗಳಲ್ಲಿ ಸಾಮಾನ್ಯವಾಗಿ ಎರಡು ಬಗೆ: ಫ್ಲೋಟ್ 32 ಬಿಟ್, ಡಬಲ್ 64. ಕಂಪ್ಯೂಟರ್‌ಗಳು ಇಂಥ ಸಂಖ್ಯೆ ಇಡುವ ಐಇಇಇ 754 ಮಾನದಂಡದಂತೆ ಫ್ಲೋಟ್ ಸುಮಾರು 7 ಅಂಕಿ ಹಿಡಿಯುತ್ತದೆ, ಡಬಲ್ 15–16. ದಶಮಾಂಶ ಬಿಂದುವಿನ ನಂತರ ಅಲ್ಲ, ಮೊದಲ ಅಂಕಿಯಿಂದಲೇ ಎಣಿಕೆ. ಹಾಗಾಗಿ ಸಂಖ್ಯೆ ದೊಡ್ಡದಾದಷ್ಟೂ ಅಕ್ಕಪಕ್ಕದ ಸಂಖ್ಯೆಗಳ ನಡುವಿನ ಸಂದು ಅಗಲವಾಗುತ್ತದೆ. 75.74ರ ಹತ್ತಿರ ಫ್ಲೋಟ್‌ನ ಸಂದು 0.0000076 ಡಿಗ್ರಿ, ನೆಲದ ಮೇಲೆ 83 ಸೆಂ.ಮೀ. ಮೊಬೈಲ್ ಜಿಪಿಎಸ್ಸೇ ಕೆಲವು ಮೀಟರ್ ತಪ್ಪುವಾಗ ಇದೇನು ಮಹಾ ಅನ್ನಿಸುತ್ತದೆ.

ಎಡವಟ್ಟಾಗುವುದು ಗುಣಾಕಾರದಲ್ಲಿ. ಸೂತ್ರವು ಒಂದು ಮೂಲೆಯ ಅಕ್ಷಾಂಶವನ್ನು ಮುಂದಿನ ಮೂಲೆಯ ರೇಖಾಂಶದಿಂದ ಗುಣಿಸಿ, ಅದರ ಜೋಡಿ ಗುಣಲಬ್ಧವನ್ನು (ಈ ಮೂಲೆಯ ರೇಖಾಂಶ, ಮುಂದಿನದರ ಅಕ್ಷಾಂಶ) ಕಳೆದು, ಎಲ್ಲವನ್ನೂ ಕೂಡಿಸಿ ಅರ್ಧ ಮಾಡುತ್ತದೆ. ಗುಣಲಬ್ಧ ಸುಮಾರು 940. ಅಲ್ಲಿ ಫ್ಲೋಟ್‌ನ ಸಂದು 0.000061 ಚದರ ಡಿಗ್ರಿ, ಅಂದರೆ 181 ಎಕರೆ! ಅರ್ಧ ಮಾಡಿದರೆ ಆ 90. ತೋಟ ಆ ಸಂದಿನಲ್ಲೇ ಬಿದ್ದುಹೋಗುತ್ತದೆ. ಡಬಲ್‌ನಲ್ಲಿ ಅದೇ ಸಂದು ಸುಮಾರು 14 ಚದರ ಸೆಂ.ಮೀ.

ಫ್ಲೋಟೇ ಬೇಕೆಂದಿದ್ದರೆ, ಮೊದಲ ಮೂಲೆಯನ್ನು ಡಬಲ್‌ನಲ್ಲೇ ಉಳಿದವುಗಳಿಂದ ಕಳೆಯಿರಿ. ವ್ಯತ್ಯಾಸವನ್ನು ಮೀಟರ್‌ಗೆ ತನ್ನಿ: ಇಲ್ಲಿ ರೇಖಾಂಶದ ಒಂದು ಡಿಗ್ರಿಗೆ 108.7 ಕಿ.ಮೀ., ಅಕ್ಷಾಂಶಕ್ಕೆ 110.6. ಆಮೇಲೆ ಫ್ಲೋಟ್ ಧಾರಾಳ ಸಾಕು.

ಆರ್ಡುಯಿನೊ ಊನೊ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿನ ಆರ್3ರವರೆಗಿನ ಮಾದರಿಗಳಲ್ಲಿ ಈ ದಾರಿಯೂ ಇಲ್ಲ. ಡಬಲ್ ಎಂದು ಬರೆದರೂ ಅಲ್ಲಿ ಸಿಗುವುದು 32 ಬಿಟ್ಟೇ. ಜಿಪಿಎಸ್ ಕಳಿಸುವ ಅಕ್ಷರಗಳಿಂದ ನೇರವಾಗಿ ಒಂದು ಕೋಟಿ ಪಟ್ಟಿನ ಪೂರ್ಣಾಂಕ ಮಾಡಿಕೊಂಡು, ಮೂಲೆಗಳನ್ನು ಅದರಲ್ಲೇ ಕಳೆಯಿರಿ: 75.74 ಡಿಗ್ರಿ ಎಂದರೆ 757400000. 32 ಬಿಟ್‌ನಲ್ಲಿ ಅದು ಹಿಡಿಯುತ್ತದೆ, ಸಂದು 1.1 ಸೆಂ.ಮೀ. ಇಎಸ್‌ಪಿ32 ಎಂಬ ಇನ್ನೊಂದು ಪುಟ್ಟ ಚಿಪ್ಪಿನಲ್ಲಿ ಡಬಲ್ ನಿಜವಾಗಿಯೂ 64 ಬಿಟ್, ಆದರೆ ಅದರೊಳಗಿನ ದಶಮಾಂಶ ಲೆಕ್ಕದ ಯಂತ್ರಾಂಗ (ಹಾರ್ಡ್‌ವೇರ್) ಫ್ಲೋಟ್‌ಗೆ ಮಾತ್ರ. ಡಬಲ್ ಲೆಕ್ಕ ಸಾಫ್ಟ್‌ವೇರ್‌ನಲ್ಲಿ ನಡೆದು ನಿಧಾನವಾಗುತ್ತದೆ. ನಾಲ್ಕು ಮೂಲೆಗೆ ಆ ನಿಧಾನ ಯಾರಿಗೂ ಗೊತ್ತಾಗದು.

ಮಳೆ ಲೆಕ್ಕಕ್ಕೆ ಇಷ್ಟು ತಲೆಬಿಸಿ ಬೇಡ. ಕೊಡಗಿನ ತೋಟಗಳಲ್ಲಿ ಇಂಚಿಗೆ 100 ಸೆಂಟಿನಂತೆ ಬರೆದಿಡುತ್ತಾರಲ್ಲ, ವರ್ಷಕ್ಕೆ 200 ಇಂಚು ಸುರಿದರೂ 20,000 ಸೆಂಟು. ಫ್ಲೋಟ್ 1,67,77,216ರವರೆಗಿನ ಪೂರ್ಣಾಂಕಗಳನ್ನು ಒಂದೂ ಬಿಡದೆ ಹಿಡಿಯುತ್ತದೆ. ಇಂಚಿನಲ್ಲಿ 0.01 ಕೂಡಿಸುತ್ತ ಹೋಗಬೇಡಿ, ಅದು ದ್ವಿಮಾನದಲ್ಲಿ ನಿಖರವಾಗಿ ಕೂರುವುದಿಲ್ಲ. ಸೆಂಟನ್ನೇ ಎಣಿಸಿ, ತೋರಿಸುವಾಗ 100ರಿಂದ ಭಾಗಿಸಿ.