ಟೊಮೆಟೊ ಬಾಕ್ಸ್ ಲೆಕ್ಕದಲ್ಲಿ ಸಹಸಂಬಂಧ ಮತ್ತು ರಿಗ್ರೆಶನ್

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಹರಾಜಾಗುವುದು 15 ಕೆ.ಜಿ. ಬಾಕ್ಸ್ ಲೆಕ್ಕದಲ್ಲಿ. ಮಾಲು ಜಾಸ್ತಿ ಬಂದ ದಿನ ರೇಟು ಇಳಿಯುತ್ತದೆ, ಕಮ್ಮಿ ಬಂದ ದಿನ ಏರುತ್ತದೆ. ಇದು ಮಂಡಿಯವರಿಂದ ಹಿಡಿದು ಹಮಾಲರವರೆಗೆ ಎಲ್ಲರಿಗೂ ಗೊತ್ತು. ಸಂಖ್ಯಾಶಾಸ್ತ್ರ ಇದೇ ವಿಷಯದ ಮೇಲೆ ಎರಡು ಬೇರೆ ಬೇರೆ ಪ್ರಶ್ನೆ ಕೇಳುತ್ತದೆ. ಆವಕಕ್ಕೂ, ಅಂದರೆ ಮಾರುಕಟ್ಟೆಗೆ ಬಂದ ಮಾಲಿಗೂ, ರೇಟಿಗೂ ಇರುವ ನಂಟು ಎಷ್ಟು ಬಿಗಿ? ಇದು ಸಹಸಂಬಂಧ. ಆವಕ ಸಾವಿರ ಬಾಕ್ಸ್ ಏರಿದರೆ ರೇಟು ಎಷ್ಟು ರೂಪಾಯಿ ಇಳಿಯುತ್ತದೆ? ಇದು ರಿಗ್ರೆಶನ್. ಈ ಅಧ್ಯಾಯದಲ್ಲಿ ಎಡವುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ: ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೆ ಬರೆದುಬಿಡುತ್ತಾರೆ.

ಕೊನೆಯವರೆಗೂ ಒಂದೇ ಲೆಕ್ಕ ಹಿಡಿದು ಹೋಗೋಣ. ಕೆಳಗಿನ ಅಂಕಿಗಳು ಕಲಿಯಲಿಕ್ಕೆಂದು ಕಟ್ಟಿದವು, ಮಾರುಕಟ್ಟೆಯ ದಾಖಲೆಯಲ್ಲ. ಎಕ್ಸ್ ಅಂದರೆ ಆ ದಿನದ ಆವಕ, ಸಾವಿರ ಬಾಕ್ಸ್‌ಗಳಲ್ಲಿ. ವೈ ಅಂದರೆ ಒಂದು ಬಾಕ್ಸಿನ ರೇಟು, ರೂಪಾಯಿಗಳಲ್ಲಿ.

ಸೋಮವಾರ: ಎಕ್ಸ್ 20, ವೈ 620
ಮಂಗಳವಾರ: ಎಕ್ಸ್ 30, ವೈ 480
ಬುಧವಾರ: ಎಕ್ಸ್ 40, ವೈ 430
ಗುರುವಾರ: ಎಕ್ಸ್ 50, ವೈ 300
ಶುಕ್ರವಾರ: ಎಕ್ಸ್ 60, ವೈ 270

ಕ್ಯಾಲ್ಕುಲೇಟರ್ ಮುಟ್ಟುವ ಮೊದಲು ಗ್ರಾಫ್ ಹಾಳೆಯಲ್ಲಿ ಐದು ಚುಕ್ಕಿ ಇಡಿ. ಆವಕ ಅಡ್ಡಕ್ಕೆ, ರೇಟು ಉದ್ದಕ್ಕೆ. ಚುಕ್ಕಿಗಳು ಎಡಗಡೆ ಮೇಲಿನಿಂದ ಬಲಗಡೆ ಕೆಳಕ್ಕೆ, ಸುಮಾರಾಗಿ ಒಂದು ಸಾಲಿನಲ್ಲಿ ಇಳಿಯುತ್ತವೆ. ಅಲ್ಲಿಗೆ ಸಹಸಂಬಂಧದ ಉತ್ತರದ ಮುಂದೆ ಋಣ ಚಿಹ್ನೆ ಬರಬೇಕು, ಚಿಹ್ನೆ ಬಿಟ್ಟರೆ ಸಂಖ್ಯೆ 1ಕ್ಕೆ ಹತ್ತಿರ ಇರಬೇಕು ಎಂಬುದು ಲೆಕ್ಕ ಮಾಡುವ ಮೊದಲೇ ಗೊತ್ತಾಯಿತು. ಆಮೇಲೆ 0.4 ಎಂದೋ ಧನ ಚಿಹ್ನೆಯೋ ಬಂದರೆ ಎಲ್ಲೋ ಕೈತಪ್ಪಿದೆ ಎಂದು ನೀವೇ ಹಿಡಿಯಬಹುದು.

ಈಗ ಲೆಕ್ಕ. ಎಕ್ಸ್ ಸರಾಸರಿ 40, ವೈ ಸರಾಸರಿ 420. ಪ್ರತಿ ದಿನದ ಅಂಕಿಯಿಂದ ಆಯಾ ಸರಾಸರಿ ಕಳೆಯಿರಿ. ಎಕ್ಸ್ ವಿಚಲನೆಗಳು −20, −10, 0, 10, 20. ವೈ ವಿಚಲನೆಗಳು 200, 60, 10, −120, −150. ಎರಡೂ ಸಾಲು ಕೂಡಿದರೆ ಸೊನ್ನೆ ಬರಲೇಬೇಕು. ಬಾರದಿದ್ದರೆ ಸರಾಸರಿಯೇ ತಪ್ಪಿದೆ, ಮುಂದೆ ಹೋಗಬೇಡಿ. ಜೋಡಿ ಜೋಡಿಯಾಗಿ ಗುಣಿಸಿದರೆ −4000, −600, 0, −1200, −3000, ಮೊತ್ತ −8800. ಎಕ್ಸ್ ವಿಚಲನೆಗಳ ವರ್ಗಗಳ ಮೊತ್ತ 1000, ವೈ ವಿಚಲನೆಗಳದು 80,600. ಇವೆರಡನ್ನೂ ಗುಣಿಸಿ ವರ್ಗಮೂಲ ತೆಗೆದರೆ ಸುಮಾರು 8977.75. −8800ನ್ನು ಇದರಿಂದ ಭಾಗಿಸಿದರೆ ಸಹಸಂಬಂಧದ ಅಳತೆ, ಅಂದರೆ ಆರ್ = −0.98.

ಗುಣಾಕಾರದ ಸಾಲನ್ನು ಇನ್ನೊಮ್ಮೆ ನೋಡಿ, ಸೂತ್ರದ ಜೀವ ಇರುವುದು ಅಲ್ಲಿ. ಸೋಮವಾರ ಆವಕ ಸರಾಸರಿಗಿಂತ ಕೆಳಗೆ, ರೇಟು ಮೇಲೆ, ಗುಣಲಬ್ಧ ಋಣ. ಶುಕ್ರವಾರ ಆವಕ ಮೇಲೆ, ರೇಟು ಕೆಳಗೆ, ಆಗಲೂ ಋಣ. ಎರಡೂ ಒಟ್ಟಿಗೆ ಮೇಲೇರುವ ಇಲ್ಲವೇ ಒಟ್ಟಿಗೆ ಕೆಳಗಿಳಿಯುವ ದಿನಗಳೇ ಹೆಚ್ಚಿದ್ದರೆ ಮೊತ್ತ ಧನವಾಗುತ್ತಿತ್ತು. ಭಾಗಿಸಲು ಬಳಸಿದ ವರ್ಗಮೂಲದ ಕೆಲಸ ಉತ್ತರವನ್ನು −1ರಿಂದ +1ರ ಒಳಗೆ ಕಟ್ಟಿಹಾಕುವುದು, ಅಷ್ಟೇ. ಆರ್ 1.3 ಬಂತು ಎಂದರೆ ಅದು ಉತ್ತರವೇ ಅಲ್ಲ.

ಸರಾಸರಿ ದಶಮಾಂಶದಲ್ಲಿ ಬಂದಾಗ ವಿಚಲನೆಯ ದಾರಿ ತಲೆನೋವು. ಆಗ ನೇರ ದಾರಿ ಹಿಡಿಯಿರಿ: ಎಕ್ಸ್-ವೈ ಗುಣಲಬ್ಧಗಳ ಮೊತ್ತ 75,200, ಅದರಿಂದ 5 × 40 × 420, ಅಂದರೆ 84,000 ಕಳೆಯಿರಿ, ಅದೇ −8800. ಎಕ್ಸ್ ಪಾಲಿಗೆ 9000ದಿಂದ 5 × 1600 ಕಳೆದರೆ 1000. ಇಲ್ಲಿ 9000 ಎನ್ನುವುದು ಪ್ರತಿ ಎಕ್ಸ್‌ನ ವರ್ಗ ಮಾಡಿ ಕೂಡಿದ್ದು. ಮೊದಲು ಕೂಡಿ, 200 ಮಾಡಿ, ಆಮೇಲೆ ವರ್ಗ ಮಾಡಿದರೆ 40,000. ಎರಡೂ ಒಂದೇ ಎಂದುಕೊಂಡವರ ಲೆಕ್ಕ ಅಲ್ಲಿಗೇ ಕೆಡುತ್ತದೆ. ಇನ್ನೊಂದು ಮಾತು: ಈ ದಾರಿಯಲ್ಲಿ ಸರಾಸರಿಯನ್ನು ನಡುವೆಯೇ ಕತ್ತರಿಸಬೇಡಿ. ದೊಡ್ಡ ಸಂಖ್ಯೆಯಿಂದ ದೊಡ್ಡ ಸಂಖ್ಯೆ ಕಳೆಯುವಾಗ ದಶಮಾಂಶದ ಸಣ್ಣ ತಪ್ಪೂ ಉತ್ತರದಲ್ಲಿ ದೊಡ್ಡದಾಗಿ ಕಾಣುತ್ತದೆ.

ರೇಟನ್ನು ಬಾಕ್ಸಿಗೆ ಬದಲು ಕೆ.ಜಿ.ಗೆ ಬರೆದರೆ? ಎಲ್ಲ ವೈ ಅಂಕಿಗಳನ್ನೂ 15ರಿಂದ ಭಾಗಿಸಿದಂತಾಯಿತು. ಆರ್ ಕದಲುವುದಿಲ್ಲ, ಅದೇ −0.98. ಆರ್‌ಗೆ ರೂಪಾಯಿಯೂ ಇಲ್ಲ, ಕೆ.ಜಿ.ಯೂ ಇಲ್ಲ. ಹಾಗಾಗಿಯೇ "ಆರ್ −0.98, ಆದ್ದರಿಂದ ರೇಟು ಶೇ 98 ಇಳಿಯುತ್ತದೆ" ಎನ್ನುವ ವಾಕ್ಯಕ್ಕೆ ಅರ್ಥವೇ ಇಲ್ಲ.

ಈಗ ಶನಿವಾರ ಬಂತು ಅನ್ನಿ. ರಾತ್ರಿಯಿಡೀ ಮಳೆ. ಹೊಲಕ್ಕೆ ಇಳಿಯಲಾಗದೆ ಕಾಯಿ ಕೀಳಲಿಲ್ಲ, ಬಂದದ್ದು 10 ಸಾವಿರ ಬಾಕ್ಸ್ ಮಾತ್ರ. ಬಂದ ಹಣ್ಣೂ ಸೀಳು ಬಿಟ್ಟು ಒದ್ದೆಯಾಗಿದೆ, ದೂರದೂರಿಗೆ ಲೋಡ್ ಮಾಡುವವರು ಮುಟ್ಟಲಿಲ್ಲ, 150 ರೂಪಾಯಿಗೆ ಹೋಯಿತು. ಈ ಒಂದು ಚುಕ್ಕಿ ಸೇರಿಸಿ ಆರು ದಿನದ ಲೆಕ್ಕ ಮಾಡಿ. ಸರಾಸರಿಗಳು 35 ಮತ್ತು 375. ಗುಣಲಬ್ಧಗಳ ಮೊತ್ತ −2050ಕ್ಕೆ ಕುಸಿಯುತ್ತದೆ, ಏಕೆಂದರೆ ಶನಿವಾರವೊಂದೇ +5625 ತಂದು ಹಾಕುತ್ತದೆ. ವರ್ಗಗಳ ಮೊತ್ತ 1750 ಮತ್ತು 1,41,350. ಆರ್ = −0.13.

−0.98 ಇದ್ದದ್ದು −0.13! ಐದು ದಿನ ಅಷ್ಟು ಬಿಗಿಯಾಗಿದ್ದ ನಂಟು ಒಂದು ಮಳೆ ರಾತ್ರಿಗೆ ಮಾಯವಾಗಲಿಲ್ಲ. ಆರ್‌ನ ಸೂತ್ರದಲ್ಲಿ ವಿಚಲನೆಗಳು ಒಂದಕ್ಕೊಂದು ಗುಣಿಸಿಕೊಳ್ಳುವುದರಿಂದ ಎರಡೂ ಕಡೆ ದೂರ ನಿಂತ ಚುಕ್ಕಿಗೆ ತೂಕ ವಿಪರೀತ ಹೆಚ್ಚು. ಹಾಗೆಂದು ಆ ಚುಕ್ಕಿಯನ್ನು ಸುಮ್ಮನೆ ಅಳಿಸುವಂತಿಲ್ಲ. ಮೊದಲು ಬರವಣಿಗೆಯ ತಪ್ಪೇ ನೋಡಿ. 510ರ ಬದಲು 150 ಬರೆದಿರಬಹುದು. ತಪ್ಪಲ್ಲದಿದ್ದರೆ ಆ ದಿನದ ಮಾಲು ಉಳಿದ ದಿನಗಳ ಜಾತಿಯದೇ ಎಂದು ಕೇಳಿಕೊಳ್ಳಿ. ಒದ್ದೆ ಹಣ್ಣು ಬೇರೆ ದರ್ಜೆಯ ಮಾಲು. ಅದನ್ನು ಬೇರೆ ಇಟ್ಟು, ಬೇರೆ ಇಟ್ಟಿದ್ದೇಕೆ ಎಂದು ಬರೆದು, ಎರಡೂ ಉತ್ತರ ಕೊಡುವುದು ಪ್ರಾಮಾಣಿಕ ದಾರಿ. ಅಂಕಿ ಮಾತ್ರ ನೋಡಿದರೆ ಎಷ್ಟು ಮೋಸ ಹೋಗುತ್ತೇವೆ ಎಂಬುದನ್ನು ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್‌ಸ್ಕೂಂಬ್ 1973ರಲ್ಲಿ ನಾಲ್ಕು ಪಟ್ಟಿ ಕಟ್ಟಿ ತೋರಿಸಿದರು. ಪ್ರತಿಯೊಂದರಲ್ಲೂ 11 ಚುಕ್ಕಿ, ನಾಲ್ಕರಲ್ಲೂ ಆರ್ 0.816ರ ಆಸುಪಾಸು, ನಾಲ್ಕಕ್ಕೂ ಹೆಚ್ಚುಕಮ್ಮಿ ಒಂದೇ ರೇಖೆ. ಗ್ರಾಫ್ ಹಾಕಿದರೆ ಒಂದು ಸಾಧಾರಣ ಚದುರುವಿಕೆ, ಇನ್ನೊಂದು ಬಾಗಿದ ಗೆರೆ, ಉಳಿದೆರಡರಲ್ಲಿ ಒಂಟಿ ಚುಕ್ಕಿಯ ಕಾರುಬಾರು.

ಆರ್ ಸೊನ್ನೆ ಬಂದರೆ ನಂಟೇ ಇಲ್ಲ ಎಂದೂ ಬರೆಯಬೇಡಿ. ವಾರಕ್ಕೆ 1, 2, 3, 4, 5 ಸಲ ನೀರು ಬಿಟ್ಟ ಮಡಿಗಳಲ್ಲಿ ಇಳುವರಿ 4, 7, 8, 7, 4 ಎಂದಿಟ್ಟುಕೊಳ್ಳಿ. ನೀರು ಕಮ್ಮಿಯಾದರೂ ಕೆಡುಕು, ಹೆಚ್ಚಾದರೂ ಕೆಡುಕು, ನಂಟು ಕಣ್ಣಿಗೆ ಹೊಡೆಯುವಂತಿದೆ. ಆದರೂ ಗುಣಲಬ್ಧಗಳು 4, −1, 0, 1, −4 ಆಗಿ ಆರ್ ಸರಿಯಾಗಿ ಸೊನ್ನೆ. ಆರ್ ಅಳೆಯುವುದು ನೇರ ಗೆರೆಯ ನಂಟನ್ನು ಮಾತ್ರ.

ಇನ್ನು ರಿಗ್ರೆಶನ್, ಅಂದರೆ ಚುಕ್ಕಿಗಳ ನಡುವೆ ಹಾಯುವ ನೇರ ರೇಖೆ. ಮೊದಲ ಐದು ದಿನಕ್ಕೇ ಹಿಂತಿರುಗಿ. ಇಳಿಜಾರು, ಅಂದರೆ ಬಿ = −8800 ÷ 1000 = −8.8. ರೇಖೆ ಎರಡು ಸರಾಸರಿಗಳ ಚುಕ್ಕಿಯ ಮೂಲಕ ಹಾಯಲೇಬೇಕು; ಆದ್ದರಿಂದ ರೇಖೆಯ ಸ್ಥಿರ ಸಂಖ್ಯೆ ಎ = 420 + 8.8 × 40 = 772. ರೇಟಿನ ಅಂದಾಜು = 772 − 8.8 × ಆವಕ. ಓದುವುದು ಹೀಗೆ: ಆವಕ ಸಾವಿರ ಬಾಕ್ಸ್ ಹೆಚ್ಚಿದ್ದ ದಿನ ರೇಟು ಸರಾಸರಿ 8 ರೂಪಾಯಿ 80 ಪೈಸೆ ಕಡಿಮೆ. ಇಲ್ಲಿ ಯೂನಿಟ್ ಬಿಡುವಂತಿಲ್ಲ. ಕೆ.ಜಿ. ರೇಟಿಗೆ ಬದಲಾಯಿಸಿದರೆ ಇದೇ ಇಳಿಜಾರು 15ರಿಂದ ಭಾಗವಾಗಿ ಸುಮಾರು 59 ಪೈಸೆಯಾಗುತ್ತದೆ, ಆರ್ ಮಾತ್ರ ಹಾಗೇ ಇರುತ್ತದೆ. ಬಿಗಿ ಬೇರೆ, ಇಳಿಜಾರು ಬೇರೆ ಎಂಬುದು ಇದರಲ್ಲೇ ಸ್ಪಷ್ಟ.

ಆ ರೇಖೆಯೇ ಏಕೆ? ಸ್ಕೇಲಿಟ್ಟು ಕಣ್ಣಂದಾಜಿನಲ್ಲಿ ಎಳೆದರೆ ಒಬ್ಬೊಬ್ಬರದು ಒಂದೊಂದು ಗೆರೆ. ಹಾಗಾಗಿ ಒಂದು ನಿಯಮ ಬೇಕು. ರೇಖೆ ಹೇಳುವ ರೇಟುಗಳು 596, 508, 420, 332, 244. ನಿಜವಾದ ರೇಟಿನಿಂದ ಇವನ್ನು ಕಳೆದರೆ ಉಳಿಕೆಗಳು 24, −28, 10, −32, 26. ಕೂಡಿದರೆ ಸೊನ್ನೆ, ವರ್ಗ ಮಾಡಿ ಕೂಡಿದರೆ 3160. ಬೇರೆ ಯಾವ ನೇರ ಗೆರೆ ಎಳೆದರೂ ಈ ವರ್ಗಗಳ ಮೊತ್ತ 3160ಕ್ಕಿಂತ ಹೆಚ್ಚೇ ಬರುತ್ತದೆ. 1805ರಲ್ಲಿ ಫ್ರೆಂಚ್ ಗಣಿತಜ್ಞ ಲೆಜೆಂಡರ್ ಪ್ರಕಟಿಸಿದ ಕನಿಷ್ಠ ವರ್ಗಗಳ ವಿಧಾನ ಇದೇ. ಉಳಿಕೆಯನ್ನು ಅಳೆಯುವುದು ಚುಕ್ಕಿಯಿಂದ ರೇಖೆಗೆ ನೆಟ್ಟಗೆ ಮೇಲೆ-ಕೆಳಗೆ, ರೂಪಾಯಿಯಲ್ಲಿ. ರೇಖೆಗೆ ಲಂಬವಾಗಿ ಅಲ್ಲ. ಚಿತ್ರ ಬರೆಯುವಾಗ ಇದನ್ನು ತಪ್ಪುವವರು ಬಹಳ.

ರೇಟಿನ ಒಟ್ಟು ಏರಿಳಿತ 80,600. ಅದರಲ್ಲಿ ರೇಖೆಗೆ ಸಿಗದೆ ಉಳಿದದ್ದು 3160, ಸುಮಾರು ಶೇ 4. ಮಿಕ್ಕ ಶೇ 96 ಆರ್‌ನ ವರ್ಗಕ್ಕೆ ಸರಿಸಮ. "ರೇಟಿನ ಏರಿಳಿತದ ಶೇ 96ರಷ್ಟು ಆವಕದ ಏರಿಳಿತದ ಜೊತೆ ಹೊಂದುತ್ತದೆ" ಎಂದು ಬರೆಯಬೇಕಾದದ್ದು ಇಲ್ಲಿ. ಇನ್ನು 3160ನ್ನು 3ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 32 ರೂಪಾಯಿ, ರೇಖೆಯ ಅಂದಾಜಿನಲ್ಲಿ ಸಾಮಾನ್ಯವಾಗಿ ಆಗುವ ಹೆಚ್ಚುಕಮ್ಮಿ. ಐದು ದಿನ ಇದ್ದರೂ 3ರಿಂದ ಭಾಗಿಸುವುದು, ಎ ಮತ್ತು ಬಿ ಎರಡನ್ನೂ ಅದೇ ಅಂಕಿಗಳಿಂದ ತೆಗೆದುಕೊಂಡಿರುವುದರಿಂದ.

ಆವಕ 45 ಸಾವಿರ ಆದರೆ ರೇಟು 376 ಎನ್ನಬಹುದು. ಒಂದು ಲಕ್ಷ ಆದರೆ? 772 − 880 = −108. ರೈತ ಮಾಲೂ ಕೊಟ್ಟು ಬಾಕ್ಸಿಗೆ 108 ರೂಪಾಯಿಯನ್ನೂ ಕೊಡಬೇಕು ಎನ್ನುತ್ತಿದೆ ರೇಖೆ. ಲೆಕ್ಕ ತಪ್ಪಿಲ್ಲ, ಬಳಸಿದ ಜಾಗ ತಪ್ಪು. ನಮ್ಮ ಅಂಕಿ ಇರುವುದು 20ರಿಂದ 60 ಸಾವಿರದೊಳಗೆ, ರೇಖೆಯ ಮಾತು ನಡೆಯುವುದೂ ಅಷ್ಟರೊಳಗೆ. ಹಾಗೆಯೇ ಎ = 772 ಅಂದರೆ "ಆವಕವೇ ಇಲ್ಲದ ದಿನದ ರೇಟು" ಎಂದು ಬರೆಯಬೇಡಿ. ಮಾಲೇ ಇಲ್ಲದ ದಿನ ಹರಾಜೂ ಇಲ್ಲ.

ರೇಟು ಕೊಟ್ಟು ಆವಕ ಕೇಳಿದರೆ ಇದೇ ರೇಖೆಯನ್ನು ತಿರುಗಿಸಬಾರದು. ಆಗ ಕಡಿಮೆ ಮಾಡಬೇಕಾದದ್ದು ಆವಕದ ಕಡೆಯ ಉಳಿಕೆ, ಆದ್ದರಿಂದ ರೇಖೆ ಬೇರೆ: ಇಳಿಜಾರು −8800 ÷ 80,600 = −0.109. ಎರಡೂ ಇಳಿಜಾರು ಗುಣಿಸಿದರೆ 0.96, ಅಂದರೆ ಆರ್‌ನ ವರ್ಗವೇ. ಇದರಿಂದ ಆರ್ ಬೇಕಾದರೆ ವರ್ಗಮೂಲ ತೆಗೆದು, ಚಿಹ್ನೆಯನ್ನು ಇಳಿಜಾರಿನಿಂದ ತೆಗೆದುಕೊಳ್ಳಿ. ವರ್ಗಮೂಲ ತೆಗೆದ ಮೇಲೆ ಋಣ ಹಾಕಲು ಮರೆಯುವುದು ಇಲ್ಲಿನ ಮಾಮೂಲು ತಪ್ಪು.

ರಿಗ್ರೆಶನ್ ಎಂದರೆ ಹಿಂದಕ್ಕೆ ಸರಿಯುವುದು. ರೇಖೆಗೆ ಈ ಹೆಸರೇಕೆ? 1886ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ 205 ದಂಪತಿಗಳ ಮತ್ತು ಅವರ 928 ವಯಸ್ಕ ಮಕ್ಕಳ ಎತ್ತರ ಹೋಲಿಸಿದರು. ತಂದೆತಾಯಿ ಸರಾಸರಿಗಿಂತ ಎಷ್ಟು ಎತ್ತರವೋ, ಮಕ್ಕಳು ಅದರ ಮೂರರಲ್ಲಿ ಎರಡು ಪಾಲಿನಷ್ಟೇ ಎತ್ತರ. ಮಿಕ್ಕದ್ದು ಸರಾಸರಿಯ ಕಡೆಗೆ ಸರಿದಿತ್ತು. ಆರ್ 1ಕ್ಕಿಂತ ಕಡಿಮೆ ಇರುವಲ್ಲೆಲ್ಲ ಇದು ತಾನಾಗಿಯೇ ನಡೆಯುತ್ತದೆ. ಒಂದು ಟೆಸ್ಟಿನಲ್ಲಿ ಎಲ್ಲರಿಗಿಂತ ಮೇಲೆ ಬಂದ ಗುಂಪು ಮುಂದಿನ ಟೆಸ್ಟಿನಲ್ಲಿ ಸ್ವಲ್ಪ ಇಳಿದರೆ ಅವರು ಸೋಮಾರಿಗಳಾದರು ಎಂದಲ್ಲ.

ಕಾರಣದ ವಿಷಯಕ್ಕೆ ಬಂದರೆ ಆರ್ ಬಾಯಿ ಬಿಡುವುದಿಲ್ಲ. ಬೇಸಿಗೆ ಏರಿದಂತೆ ತುಮಕೂರಿನಲ್ಲಿ ಎಳನೀರಿನ ಮಾರಾಟವೂ ಹೆಚ್ಚುತ್ತದೆ, ನೀರಿನ ಟ್ಯಾಂಕರ್ ಓಡಾಟವೂ ಹೆಚ್ಚುತ್ತದೆ. ಎರಡಕ್ಕೂ ಹಿಂದೆ ನಿಂತಿರುವುದು ಬಿಸಿಲು. ಚಿಕ್ಕಬಳ್ಳಾಪುರದ ಕಡೆ ಆಳವಾದ ಬೋರ್‌ವೆಲ್ ಇರುವ ಊರುಗಳಲ್ಲಿ ನೀರು ಕಮ್ಮಿ ಎಂದು ಪಟ್ಟಿ ತೋರಿಸಿದರೆ, ಆಳ ಕೊರೆದದ್ದರಿಂದ ನೀರು ಹೋಯಿತೋ, ನೀರು ಕೆಳಗಿಳಿದದ್ದರಿಂದ ಆಳ ಕೊರೆದರೋ ಎಂದು ಆ ಪಟ್ಟಿಯಿಂದ ಹೇಳಲಾಗದು. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ಇನ್ನೊಂದು ಬಗೆಯ ಬಲೆ. ದ್ವಿತಳಿಯ ಬಿಳಿ ಗೂಡು, ಮಿಶ್ರತಳಿಯ ಹಳದಿ ಗೂಡು ಎರಡನ್ನೂ ಒಂದೇ ಗ್ರಾಫಿನಲ್ಲಿ ಹಾಕಿದರೆ, ಗೂಡಿನ ತೂಕ ಹೆಚ್ಚಿದಂತೆ ರೇಟು ಹೆಚ್ಚುವಂತೆ ಕಾಣಬಹುದು, ಒಂದೊಂದು ತಳಿಯೊಳಗೆ ಅಂಥ ನಂಟು ಇಲ್ಲದಿದ್ದರೂ. ಎರಡು ಗುಂಪಿನ ನಡುವಿನ ಅಂತರವೇ ಗೆರೆಯ ವೇಷ ಹಾಕಿರುತ್ತದೆ. ಎರಡು ಬಣ್ಣದ ಪೆನ್ನಿನಲ್ಲಿ ಚುಕ್ಕಿ ಇಟ್ಟರೆ ತಕ್ಷಣ ಬಯಲಾಗುತ್ತದೆ.

ಯಂತ್ರದಲ್ಲಿ ಮಾಡುವವರಿಗೆ: ಕ್ಯಾಸಿಯೋ ಎಫ್‌ಎಕ್ಸ್-82ಎಂಎಸ್‌ನಲ್ಲಿ ಮೋಡ್ 3, ಆಮೇಲೆ 1 ಒತ್ತಿದರೆ ನೇರ ರೇಖೆಯ ರಿಗ್ರೆಶನ್. 20, ಅಲ್ಪವಿರಾಮ, 620, ಎಂ ಪ್ಲಸ್. ಹೀಗೆ ಐದೂ ಜೋಡಿ. ಒಂದೊಂದು ಜೋಡಿಗೂ ಪರದೆಯಲ್ಲಿ ಎಷ್ಟನೆಯದು ಎಂದು ಕಾಣುತ್ತದೆ. ಐದನೆಯದಕ್ಕೆ 11 ಎಂದು ತೋರಿಸಿದರೆ ಮಳೆಯ ದಿನ ಸೇರಿದ್ದ ಹಿಂದಿನ ಆರು ಜೋಡಿ ಇನ್ನೂ ಒಳಗಿವೆ, ಅಳಿಸಿ ಮತ್ತೆ ಹಾಕಿ. ಇದರಲ್ಲಿ ಎ ಎಂದರೆ 772, ಬಿ ಎಂದರೆ ಇಳಿಜಾರು. ಎಕ್ಸೆಲ್‌ನಲ್ಲಿ ಆರ್ ಕೊಡುವ ಕೊರೆಲ್ ಫಂಕ್ಷನ್‌ಗೆ ಯಾವ ಕಾಲಂ ಮೊದಲು ಕೊಟ್ಟರೂ ಒಂದೇ ಉತ್ತರ. ಇಳಿಜಾರು ಕೊಡುವ ಸ್ಲೋಪ್ ಹಾಗಲ್ಲ, ಅದಕ್ಕೆ ವೈ ಮೊದಲು, ಎಕ್ಸ್ ಆಮೇಲೆ. −8.8ರ ಬದಲು −0.109 ಬಂದರೆ ಕಾಲಂ ಅದಲುಬದಲಾಗಿದೆ: ಕೇಳಿದ್ದು ರೇಟು, ಯಂತ್ರ ಹೇಳುತ್ತಿರುವುದು ಆವಕ.