ಗುಪ್ತರೋಗ: ಗುಟ್ಟು ಯಾರದ್ದು?

‘ಗುಪ್ತರೋಗ’ ಎಂಬ ಪದವನ್ನು ನಾನು ಮೊದಲು ಓದಿದ್ದು ಯಾವ ಪುಸ್ತಕದಲ್ಲೂ ಅಲ್ಲ, ಬಸ್‌ಸ್ಟ್ಯಾಂಡಿನ ಮೂತ್ರಿಯ ಗೋಡೆಯಲ್ಲಿ. ಉಡುಪಿಯಿಂದ ಮಂಗಳೂರಿಗೆ ಕಾಲೇಜಿಗೆಂದು ಓಡಾಡುತ್ತಿದ್ದ ಕಾಲ. ಹಳದಿ ಚೀಟಿಯಲ್ಲಿ ಗುಪ್ತರೋಗ, ನರದೌರ್ಬಲ್ಯ, ಸ್ವಪ್ನಸ್ಖಲನ, ಮೂಲವ್ಯಾಧಿ ಎಂದು ಸಾಲಾಗಿ ಅಚ್ಚಾಗಿತ್ತು. ಎಲ್ಲದಕ್ಕೂ ಒಬ್ಬನೇ ವೈದ್ಯ. ಅವನು ಸಿಗುವುದು ತಿಂಗಳಿಗೆ ಎರಡು ದಿನ, ಅದೂ ಲಾಡ್ಜಿನ ರೂಮಿನಲ್ಲಿ. ಆ ಪಟ್ಟಿಯಲ್ಲಿ ಸ್ವಪ್ನಸ್ಖಲನ ರೋಗವೇ ಅಲ್ಲ, ಮೂಲವ್ಯಾಧಿ ಯಾರಿಂದಲೂ ಅಂಟುವುದಿಲ್ಲ. ಹೇಳಲು ನಾಚಿಕೆಯಾಗುವುದನ್ನೆಲ್ಲ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟಿದರೆ ಈ ಪದ ಸಿದ್ಧವಾಗುತ್ತದೆ.

ಪದದ ಹುಟ್ಟು ಇಷ್ಟು ಕೆಟ್ಟದ್ದಲ್ಲ. ಸಂಸ್ಕೃತದಲ್ಲಿ ‘ಗುಹ್ಯ’ ಎಂದರೆ ಮುಚ್ಚಿಡಬೇಕಾದದ್ದು. ಜನನಾಂಗಕ್ಕೂ ಅದೇ ಹೆಸರು. ಗುಹ್ಯರೋಗ ಎಂದರೆ ಆ ಭಾಗಕ್ಕೆ ಬರುವ ರೋಗ, ಅಷ್ಟೆ. ಗುಹ್ಯ ಹೋಗಿ ಗುಪ್ತ ಬಂದಾಗ ಮುಚ್ಚಿಡುವ ಕೆಲಸ ಅಂಗದಿಂದ ರೋಗಕ್ಕೆ ದಾಟಿತು. ಅಂಗ ಬಟ್ಟೆಯೊಳಗಿದ್ದರೆ ಯಾರಿಗೂ ನಷ್ಟವಿಲ್ಲ, ರೋಗವನ್ನೂ ಬಟ್ಟೆಯೊಳಗಿಟ್ಟರೆ ನಷ್ಟವುಂಟು.

ಹಳೆಯ ಇನ್ನೊಂದು ಹೆಸರು ನಮ್ಮ ಕಡಲಿಗೆ ಹತ್ತಿರದ್ದು. ಇಂಥ ರೋಗಗಳಲ್ಲೊಂದಾದ ಸಿಫಿಲಿಸ್‌ಗೆ ‘ಪರಂಗಿ ಹುಣ್ಣು’ ಎನ್ನುತ್ತಿದ್ದರು. ಘಟ್ಟದ ಮೇಲಿನವರು ಪರಂಗಿ ಹಣ್ಣು ಅನ್ನುವುದು ನಮ್ಮ ಬಪ್ಪಂಗಾಯಿಗೆ. ಎರಡರಲ್ಲೂ ಇರುವುದು ಅದೇ ಪರಂಗಿಯವನು, ಹಡಗಿನಲ್ಲಿ ಬಂದ ಯುರೋಪಿನವನು. 16ನೇ ಶತಮಾನದ ವೈದ್ಯ ಭಾವಮಿಶ್ರ ಇದನ್ನು ‘ಫಿರಂಗರೋಗ’ ಎಂದೇ ಕರೆದ. ಪೋರ್ಚುಗೀಸರು ಮಂಗಳೂರಿನಲ್ಲಿ ಕೋಟೆ ಕಟ್ಟಿದ್ದೂ ಅದೇ ಶತಮಾನದಲ್ಲಿ, 1568ರಲ್ಲಿ. ಆದರೆ ಬೆರಳು ತೋರಿಸಿದವರು ನಾವು ಮಾತ್ರವಲ್ಲ. ಇಟಲಿಯವರು ಅದನ್ನು ಫ್ರೆಂಚ್ ರೋಗ ಎಂದರು, ಫ್ರೆಂಚರು ನೇಪಲ್ಸ್ ರೋಗ ಎಂದರು, ರಷ್ಯದವರು ಪೋಲೆಂಡಿನದು ಎಂದರು. ಈ ಕಾಯಿಲೆ ಯಾವತ್ತೂ ಪಕ್ಕದ ಮನೆಯದೇ. ಇವತ್ತೂ ಟೆಸ್ಟ್ ಮಾಡಿಸು ಅಂದರೆ ಬರುವ ಮೊದಲ ಮಾತು, ‘ಅಂಥವರ ಸಹವಾಸ ನನಗಿಲ್ಲ.’

ಈಗ ವೈದ್ಯರು ಬಳಸುವುದು ‘ಲೈಂಗಿಕವಾಗಿ ಹರಡುವ ಸೋಂಕು’ ಎಂಬ ಉದ್ದದ ಹೆಸರನ್ನು. ಉದ್ದವಾದರೂ ನನಗೆ ಇದು ಇಷ್ಟ, ಕಾರಣ ‘ಸೋಂಕು’. ಇದು ಅಚ್ಚಗನ್ನಡದ ಮಾತು. ಸೋಂಕು ಎಂದರೆ ತಾಗು, ಮುಟ್ಟು. ಹಳಗನ್ನಡದಲ್ಲಿ ಗಾಳಿ ಮೈಗೆ ತಾಗಿದರೂ ಸೋಂಕಿತು ಅನ್ನುತ್ತಿದ್ದರು. ಅದರಲ್ಲಿ ಪಾಪವೂ ಇಲ್ಲ, ಪುಣ್ಯವೂ ಇಲ್ಲ. ತಾಗಿದೆ, ಅಷ್ಟೆ.

ವೈದ್ಯರು ‘ರೋಗ’ವನ್ನು ಬಿಟ್ಟು ‘ಸೋಂಕು’ ಹಿಡಿದದ್ದು ಮರ್ಯಾದೆಗಾಗಿ ಮಾತ್ರವಲ್ಲ. ರೋಗ ಎಂದರೆ ಲಕ್ಷಣ ಇರಬೇಕು: ನೋವು, ಉರಿ, ಕೀವು, ಹುಣ್ಣು. ಸೋಂಕಿಗೆ ಲಕ್ಷಣ ಬೇಕಿಲ್ಲ. ರೋಗಾಣು ಒಳಗೆ ಬಂದು ಕೂತಿದ್ದರೆ ಸಾಕು, ದಾಟಿಸುವ ಶಕ್ತಿಯೂ ಇರುತ್ತದೆ. ಬೈಕಂಪಾಡಿಯಲ್ಲಿ ಕೆಲಸ ಮಾಡುವ ಪರಿಚಯದ ಹುಡುಗನೊಬ್ಬ ಒಮ್ಮೆ ಕೇಳಿದ್ದ: “ನಂಗೆ ಎಂತದ್ದೂ ಇಲ್ಲ ಅಣ್ಣ, ಟೆಸ್ಟ್ ಎಂತಕ್ಕೆ?” ಈ ಪದವನ್ನು ಪರಿಚಯಿಸಬೇಕು ಎನ್ನಿಸಿದ್ದೇ ಆ ಪ್ರಶ್ನೆಯಿಂದ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಲೈಂಗಿಕ ಸಂಪರ್ಕದಿಂದ ಹರಡುವ ರೋಗಾಣುಗಳು 30ಕ್ಕೂ ಹೆಚ್ಚು. ಮುಖ್ಯವಾದವು ಎಂಟು. ಸಿಫಿಲಿಸ್, ಗೊನೊರಿಯಾ, ಕ್ಲಮಿಡಿಯಾ, ಟ್ರೈಕೊಮೊನಿಯಾಸಿಸ್ ಈ ನಾಲ್ಕು ಔಷಧಿಯಿಂದ ಪೂರ್ತಿ ಗುಣವಾಗುತ್ತವೆ. ಉಳಿದ ನಾಲ್ಕು ವೈರಸ್ಸಿನವು: ಹೆಪಟೈಟಿಸ್ ಬಿ, ಹರ್ಪಿಸ್, ಎಚ್‌ಐವಿ, ಎಚ್‌ಪಿವಿ. ಗುಣವಾಗುವ ಆ ನಾಲ್ಕೇ ಜಗತ್ತಿನಲ್ಲಿ ದಿನಕ್ಕೆ 10 ಲಕ್ಷಕ್ಕೂ ಹೆಚ್ಚು ಜನರಿಗೆ ಹೊಸದಾಗಿ ತಗಲುತ್ತವೆ, ಹೆಚ್ಚಿನವರಿಗೆ ಗೊತ್ತೇ ಆಗುವುದಿಲ್ಲ. ಕ್ಲಮಿಡಿಯಾವಂತೂ ಹೆಂಗಸರಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಇದ್ದು, ಗರ್ಭನಾಳಕ್ಕೆ ಗಾಯ ಮಾಡಿ, ಮಕ್ಕಳಾಗಲಿಲ್ಲವೆಂದು ಆಸ್ಪತ್ರೆಗೆ ಹೋದ ದಿನ ತನ್ನ ಗುರುತು ಬಿಟ್ಟುಕೊಡಬಹುದು.

ಸಿಫಿಲಿಸ್‌ನದು ಇನ್ನೂ ಜಾಣತನ. ತಾಗಿದ ಸುಮಾರು ಮೂರು ವಾರಕ್ಕೆ ಒಂದು ಹುಣ್ಣು ಬರುತ್ತದೆ. ನೋವಿಲ್ಲ. ಕೆಲವು ವಾರಗಳಲ್ಲಿ ತಾನಾಗಿಯೇ ಮಾಯುತ್ತದೆ. ಯಾವುದೋ ಮುಲಾಮು ಹಚ್ಚಿದವನು ಮುಲಾಮನ್ನು ಹೊಗಳುತ್ತಾನೆ, ಲಾಡ್ಜಿನ ವೈದ್ಯನ ಪುಡಿ ತಿಂದವನು ಪುಡಿಯನ್ನು. ಆ ವೈದ್ಯರ ಹೆಸರು ಉಳಿದದ್ದರಲ್ಲಿ ಈ ಹುಣ್ಣಿನ ಪಾಲೂ ಇರಬೇಕು. ಆಮೇಲೆ ಅಂಗೈ ಅಂಗಾಲುಗಳಲ್ಲೂ ತುರಿಕೆಯಿಲ್ಲದ ಕಲೆಗಳು ಏಳಬಹುದು, ಅವೂ ಹೋಗುತ್ತವೆ. ಮುಂದೆ ವರ್ಷಗಳ ಮೌನ. ಚಿಕಿತ್ಸೆಯಿಲ್ಲದೆ ಬಿಟ್ಟ ಕೆಲವರಲ್ಲಿ ಕೊನೆಗೆ ಹೃದಯಕ್ಕೆ, ಮಿದುಳಿಗೆ ಕೈಹಾಕುತ್ತದೆ. ಬಸುರಿಯಿಂದ ಹೊಟ್ಟೆಯಲ್ಲಿರುವ ಮಗುವಿಗೂ ದಾಟುತ್ತದೆ. ಮಂಗಳೂರಿನ ಲೇಡಿಗೋಷನ್ ಆಸ್ಪತ್ರೆಯಿರಲಿ, ಹಳ್ಳಿಯ ಆರೋಗ್ಯ ಕೇಂದ್ರವಿರಲಿ, ಬಸುರಿಯರ ರಕ್ತದಲ್ಲಿ ಎಚ್‌ಐವಿ ಜೊತೆ ಸಿಫಿಲಿಸ್ ಕೂಡ ನೋಡುವುದು ಇದಕ್ಕೇ. ಇಷ್ಟೆಲ್ಲ ಮಾಡುವ ರೋಗಾಣುವಿಗೆ ಆರಂಭದಲ್ಲೇ ಸಿಕ್ಕರೆ ಬೇಕಾದದ್ದು ಸಾಮಾನ್ಯವಾಗಿ ಒಂದು ಬಾರಿಯ ಪೆನಿಸಿಲಿನ್ ಚುಚ್ಚುಮದ್ದು.

ಹಾಗಾಗಿ ಗುಪ್ತರೋಗ ಎಂಬ ಹೆಸರಿನಲ್ಲಿ ಒಂದು ಸತ್ಯವೂ ಇದೆ ಅನ್ನಿ. ಗುಟ್ಟು ಮಾಡುವುದು ರೋಗಾಣು. ನಾವು ಅದಕ್ಕೆ ಸಹಾಯ ಮಾಡುತ್ತೇವೆ.

ಸೋಂಕಿನ ಜೊತೆ ತಿಳಿದಿರಬೇಕಾದ ಇನ್ನೊಂದು ಪದ ‘ವಿಂಡೋ ಪೀರಿಯಡ್’. ಸೋಂಕು ತಗಲಿದರೂ ಪರೀಕ್ಷೆಗೆ ಸಿಗದ ಅವಧಿ ಅದು. ಎಚ್‌ಐವಿಯ ಸಾಮಾನ್ಯ ಪರೀಕ್ಷೆ ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ಮೈ ಕಟ್ಟಿಕೊಂಡ ಪ್ರತಿಕಾಯವನ್ನು. ಅದು ತಯಾರಾಗಲು ಸಮಯ ಬೇಕು. ಶನಿವಾರ ಏನೋ ಆಯಿತೆಂದು ಸೋಮವಾರ ರಕ್ತ ಕೊಟ್ಟು, ನೆಗೆಟಿವ್ ಬಂತೆಂದು ನಿರಾಳವಾಗುವುದು ಮೋಸಹೋದಂತೆ. 90 ದಿನ ಕಳೆದ ಮೇಲೆ ಮತ್ತೊಮ್ಮೆ ನೋಡಿಸಬೇಕು. ಸೋಮವಾರ ಓಡಬೇಕಾದದ್ದು ಬೇರೆ ಕಾರಣಕ್ಕೆ: ಎಚ್‌ಐವಿ ತಗಲುವ ಅಪಾಯವಾಗಿದ್ದರೆ ತಡೆಯುವ ಮಾತ್ರೆಗಳನ್ನು 72 ಗಂಟೆಯೊಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, ವೈದ್ಯರ ಮೂಲಕ ಶುರುಮಾಡಿ 28 ದಿನ ತಿನ್ನಬೇಕು.

ಮೆಡಿಕಲ್‌ಗೆ ಹೋಗಿ ‘ಉರಿಮೂತ್ರಕ್ಕೆ ಎಂತಾದ್ರೂ ಕೊಡಿ’ ಎಂದು ಎರಡು ಮಾತ್ರೆ ತರುವುದು ನಮ್ಮಲ್ಲಿ ಸಾಮಾನ್ಯ. ಸರಕಾರಿ ವ್ಯವಸ್ಥೆಯಲ್ಲಿ ಈ ಸೋಂಕುಗಳಿಗೆ ಏಳು ಬಣ್ಣದ ಔಷಧಿ ಕಿಟ್‌ಗಳಿವೆ. ಮೂತ್ರನಾಳದ ಸ್ರಾವಕ್ಕೆ ಬೂದು, ಹುಣ್ಣಿಗೆ ಬಿಳಿ, ಹರ್ಪಿಸ್‌ನ ನೀರ್ಗುಳ್ಳೆಗೆ ಕೆಂಪು, ಹೆಂಗಸರ ಕಿಬ್ಬೊಟ್ಟೆ ನೋವಿಗೆ ಹಳದಿ, ಹೀಗೆ. ಒಂದರ ಮದ್ದು ಇನ್ನೊಂದಕ್ಕೆ ಆಗುವುದಿಲ್ಲ. ಅರ್ಧಂಬರ್ಧ ತಿಂದ ಮಾತ್ರೆಗಳಿಗೆ ಗೊನೊರಿಯಾದ ರೋಗಾಣು ಈಗಾಗಲೇ ಜಗ್ಗದಂತಾಗಿದೆ. ಸಂಗಾತಿಗೂ ಚಿಕಿತ್ಸೆ ಆಗದಿದ್ದರೆ, ಇಲ್ಲಿ ವಾಸಿಯಾದದ್ದು ಅಲ್ಲಿಂದ ಹಿಂದೆ ಬರುತ್ತದೆ. ಇನ್ನು ಬಿಳಿ ಹೋಗುವುದೆಲ್ಲ ಲೈಂಗಿಕ ಸೋಂಕಲ್ಲ. ಸ್ವಲ್ಪ ಬಿಳಿ ಸಹಜ, ಮೊಸರಿನಂತೆ ಗಟ್ಟಿಯಾಗಿ ತುರಿಕೆಯಿದ್ದರೆ ಹೆಚ್ಚಾಗಿ ಬೂಸ್ಟಿನ ಸೋಂಕು. ಅದಕ್ಕಾಗಿ ಗಂಡನನ್ನೋ ಹೆಂಡತಿಯನ್ನೋ ಸಂಶಯಪಡುವುದು ಬೇಡ.

ತಡೆಯುವ ವಿಷಯದಲ್ಲಿ ಕಾಂಡೋಮ್ ಎಲ್ಲರಿಗೂ ಗೊತ್ತು, ‘ನಿರೋಧ್’ 1968ರಿಂದ ಇದೆ. ಗೊತ್ತಿಲ್ಲದ್ದು ಒಂದಿದೆ, ಕರಾವಳಿಯವರಿಗಂತೂ ಹೇಳಲೇಬೇಕು: ತೆಂಗಿನೆಣ್ಣೆ. ಜಾರಲೆಂದು ಅದನ್ನು ಹಚ್ಚಿದರೆ ಲೇಟೆಕ್ಸ್ ರಬ್ಬರು ಬಲ ಕಳೆದುಕೊಂಡು ಹರಿಯುತ್ತದೆ. ನೀರಿನ ಅಂಶದ ಜಾರಕವೇ ಬೇಕು. ಪರ್ಸಿನಲ್ಲಿ, ಬಿಸಿಲಿಗೆ ನಿಂತ ಬೈಕಿನ ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಇಟ್ಟದ್ದನ್ನೂ ನಂಬಬೇಡಿ. ಸರಿಯಾಗಿ ಬಳಸಿದರೂ ಹರ್ಪಿಸ್, ಸಿಫಿಲಿಸ್, ಎಚ್‌ಪಿವಿ ಕಾಂಡೋಮ್ ಮುಚ್ಚದ ಚರ್ಮದಿಂದ ದಾಟಬಹುದು. ಅಪಾಯ ತಗ್ಗುತ್ತದೆ, ಸೊನ್ನೆಯಾಗುವುದಿಲ್ಲ. ಹೆಪಟೈಟಿಸ್ ಬಿಗೂ ಎಚ್‌ಪಿವಿಗೂ ಲಸಿಕೆ ಇದೆ. ಎಚ್‌ಪಿವಿಯದು ಗರ್ಭಕೋಶದ ಕೊರಳಿನ ಕ್ಯಾನ್ಸರನ್ನೇ ತಡೆಯುವಂಥದ್ದು, ಮಗಳಿಗೆ ಚಿಕ್ಕ ಪ್ರಾಯದಲ್ಲೇ ಹಾಕಿಸಿದರೆ ಫಲ ಹೆಚ್ಚು.

ಆ ಬೈಕಂಪಾಡಿಯ ಹುಡುಗ ಇಷ್ಟನ್ನೆಲ್ಲ ಕೇಳಿಸಿಕೊಂಡ. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ, ಉಡುಪಿಯಾದರೆ ಅಜ್ಜರಕಾಡಿನ ಜಿಲ್ಲಾಸ್ಪತ್ರೆಯಲ್ಲಿ, ಐಸಿಟಿಸಿ ಎಂಬ ಕೇಂದ್ರವಿದೆ, ಮಾತಾಡಿಸಿ ಉಚಿತವಾಗಿ ರಕ್ತ ನೋಡುತ್ತಾರೆ ಎಂದೆ. 1097ಕ್ಕೆ ಫೋನ್ ಮಾಡಿದರೆ ದುಡ್ಡಿಲ್ಲದೆ ಮಾಹಿತಿ ಸಿಗುತ್ತದೆ. 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಒಪ್ಪಿಗೆಯಿಲ್ಲದೆ ಎಚ್‌ಐವಿ ಪರೀಕ್ಷೆ ಮಾಡುವ ಹಾಗಿಲ್ಲ, ಫಲಿತಾಂಶವನ್ನು ಹೊರಗೆ ಹೇಳುವ ಹಾಗೂ ಇಲ್ಲ. ಗುಪ್ತ ಎಂಬ ಪದ ನ್ಯಾಯವಾಗಿ ಸೇರಬೇಕಾದ ಜಾಗ ಅದು.

“ಅದೆಲ್ಲ ಸರಿ ಅಣ್ಣ, ಗುರ್ತದವರು ಸಿಕ್ಕಿದ್ರೆ?”

“ಇಂಥ ಸೋಂಕು ನೋಡುವುದು ಚರ್ಮದ ಡಾಕ್ಟ್ರು ಮಾರಾಯ. ಈ ಮಳೆಗಾಲದಲ್ಲಿ ಅರ್ಧ ಊರು ಅದೇ ಕ್ಯೂವಿನಲ್ಲಿ ಉಂಟು. ಗಜಕರ್ಣ ಅಂತ ಹೇಳು.”

ನಕ್ಕ. ಬೆಳಿಗ್ಗೆ ಚೀಟಿ ಕೊಡುವುದು ಎಷ್ಟು ಗಂಟೆಗೆ ಎಂದು ಕೇಳಿದ.