ಸೋಯಾ, ಅಗಸೆ ಮತ್ತು ಹಾರ್ಮೋನ್ ಮಾತ್ರೆ: ಎದುರಾಗುವುದು ಎಲ್ಲಿ?

‘ಸಸ್ಯ ಈಸ್ಟ್ರೋಜನ್ ಹಾರ್ಮೋನ್ ಔಷಧಿಗೆ ಅಡ್ಡಿ ಮಾಡುತ್ತದೆ’ ಅಂತ ಪರೀಕ್ಷೆಯಲ್ಲಿ ಒಂದೇ ಸಾಲು ಬರೆದು ಮುಂದೆ ಹೋಗುವವರೇ ಹೆಚ್ಚು. (ಸಸ್ಯ ಈಸ್ಟ್ರೋಜನ್ ಅಂದರೆ ಹೆಣ್ಣಿನ ಹಾರ್ಮೋನ್ ಈಸ್ಟ್ರೋಜನ್ ಅನ್ನು ಹೋಲುವ, ಗಿಡಗಳಲ್ಲಿರುವ ವಸ್ತು.) ಆ ಸಾಲಿನಲ್ಲಿ ಬೇರೆ ಬೇರೆ ಸಂಗತಿಗಳು ಕಲಸಿಹೋಗಿವೆ. ಆಹಾರವೂ ಮಾತ್ರೆಯೂ ಎದುರಾಗುವುದು ಹಾರ್ಮೋನ್ ಬಂದು ಅಂಟುವ ಜೀವಕೋಶದ ಗ್ರಾಹಕದಲ್ಲೋ (ರಿಸೆಪ್ಟರ್), ಔಷಧಿಯನ್ನು ಒಡೆಯುವ ಕಿಣ್ವದ ಬಳಿಯೋ, ಕರುಳು ಹೀರಿಕೊಳ್ಳುವ ಹೊತ್ತಿನಲ್ಲೋ ಅಂತ ಮೊದಲು ಕೇಳಿಕೊಳ್ಳಿ.

ಸೋಯಾದಲ್ಲಿರುವ ಸಸ್ಯ ಈಸ್ಟ್ರೋಜನ್ ಐಸೋಫ್ಲೇವೋನ್‌ಗಳು, ಮುಖ್ಯವಾಗಿ ಜೆನಿಸ್ಟೀನ್ ಮತ್ತು ಡೈಡ್ಜೀನ್. ಅಗಸೆ, ಎಳ್ಳಿನಲ್ಲಿ ಲಿಗ್ನಾನ್ ಎಂಬ ಇನ್ನೊಂದು ಬಗೆಯ ಸಸ್ಯ ಈಸ್ಟ್ರೋಜನ್ ಇದೆ. ನಮ್ಮ ಮಂಡ್ಯ, ಮೈಸೂರು ಕಡೆಯ ಮುದ್ದೆ, ಅವರೆಕಾಳು, ಹುರುಳಿ ಸಾರಿನಲ್ಲಿ ಸೋಯಾದ ಮುಂದೆ ಹೇಳಿಕೊಳ್ಳುವಷ್ಟು ಐಸೋಫ್ಲೇವೋನ್ ಇಲ್ಲ. ಸೋಯಾ ಇಲ್ಲಿಯ ಅಡುಗೆಮನೆಗೆ ಬರುವುದು ಹೆಚ್ಚಾಗಿ ಚಂಕ್ಸ್, ಸೋಯಾ ಹಾಲು, ಪ್ರೋಟೀನ್ ಪೌಡರ್ ಆಗಿ. ರೋಗಿಯನ್ನು ವಿಚಾರಿಸುವಾಗ ಇವುಗಳ ಹೆಸರು ಹಿಡಿದೇ ಕೇಳಬೇಕು.

ಜೆನಿಸ್ಟೀನ್ ಈಸ್ಟ್ರೋಜನ್ ಗ್ರಾಹಕಗಳಿಗೆ ಅಂಟುತ್ತದೆ. ಈ ಗ್ರಾಹಕಗಳು ಎರಡು ಬಗೆ; ಆಲ್ಫಾಗಿಂತ ಬೀಟಾ ಗ್ರಾಹಕದ ಕಡೆಗೆ ಅದಕ್ಕೆ ಒಲವು ಜಾಸ್ತಿ, ಆದರೆ ಕೆಲಸ ನಮ್ಮ ದೇಹದ ಮುಖ್ಯ ಈಸ್ಟ್ರೋಜನ್ ಆದ ಈಸ್ಟ್ರಾಡಯೋಲ್‌ಗಿಂತ ಬಹಳ ದುರ್ಬಲ. ದುರ್ಬಲ ಅಂದಮಾತ್ರಕ್ಕೆ ಕಡೆಗಣಿಸುವ ಹಾಗಿಲ್ಲ: 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಒಂದು ಜಾತಿಯ ಕ್ಲೋವರ್ ಮೇವನ್ನೇ ಮೇದ ಕುರಿಗಳು ಗಬ್ಬ ಕಟ್ಟದಾದವು. ಆ ಮೇವಿನ ಐಸೋಫ್ಲೇವೋನ್ ಕುರಿಯ ಹೊಟ್ಟೆಯಲ್ಲಿ ಈಸ್ಟ್ರೋಜನ್‌ನಂತೆ ಕೆಲಸ ಮಾಡುವ ಈಕ್ವಾಲ್ ಆಗುತ್ತಿತ್ತು. ಡೈಡ್ಜೀನ್‌ನಿಂದ ಈಕ್ವಾಲ್ ಮಾಡುವ ಬ್ಯಾಕ್ಟೀರಿಯಾ ಎಲ್ಲ ಮನುಷ್ಯರ ಕರುಳಲ್ಲೂ ಇರುವುದಿಲ್ಲ. ಒಂದೇ ಲೋಟ ಸೋಯಾ ಹಾಲು ಇಬ್ಬರಲ್ಲಿ ಒಂದೇ ಥರ ನಡೆದುಕೊಳ್ಳದಿರಲು ಇದೂ ಒಂದು ಕಾರಣ.

ಹೆಚ್ಚು ಭಯ ಇರುವುದು ಸ್ತನ ಕ್ಯಾನ್ಸರ್‌ಗೆ ಕೊಡುವ ಟಮಾಕ್ಸಿಫೆನ್ ವಿಷಯದಲ್ಲಿ. ಈ ಮಾತ್ರೆ ಸ್ತನದ ಈಸ್ಟ್ರೋಜನ್ ಗ್ರಾಹಕವನ್ನು ತಡೆದು ಕೆಲಸ ಮಾಡುತ್ತದೆ. ಮನುಷ್ಯರ ಸ್ತನ ಕ್ಯಾನ್ಸರ್ ಕೋಶ ಕಸಿ ಮಾಡಿದ ಇಲಿಗಳಲ್ಲಿ ಜೆನಿಸ್ಟೀನ್ ಅದರ ಪರಿಣಾಮವನ್ನು ಕುಗ್ಗಿಸಿತ್ತು. ಭಯ ಹುಟ್ಟಿದ್ದು ಅಲ್ಲಿಂದ. ಆದರೆ ಶಾಂಘೈನಲ್ಲಿ ಸ್ತನ ಕ್ಯಾನ್ಸರ್‌ನಿಂದ ಉಳಿದ ಸುಮಾರು 5,000 ಮಹಿಳೆಯರ ಅಧ್ಯಯನ 2009ರಲ್ಲಿ ಪ್ರಕಟವಾದಾಗ, ಸೋಯಾ ಆಹಾರ ಹೆಚ್ಚು ತಿನ್ನುತ್ತಿದ್ದವರಲ್ಲಿ ರೋಗ ಮರುಕಳಿಸುವುದು ಕಡಿಮೆಯೇ ಕಂಡಿತು. ಟಮಾಕ್ಸಿಫೆನ್ ತಗೊಳ್ಳುತ್ತಿದ್ದವರಲ್ಲೂ ಹಾಗೇ. ಅದು ಬರೀ ಗಮನಿಸಿ ನೋಡಿದ ಅಧ್ಯಯನ, ಸೋಯಾದಿಂದಲೇ ಹಾಗಾಯಿತು ಅನ್ನಲಾಗದು. ಆದರೂ ಸಾರಿಗೆ ನಾಲ್ಕು ಚಂಕ್ಸ್ ಹಾಕಿದ ಹೆಂಗಸನ್ನು ಹೆದರಿಸಲು ಆಧಾರವಿಲ್ಲ ಅನ್ನುವುದಕ್ಕೆ ಅಷ್ಟು ಸಾಕು. ಮುಟ್ಟು ನಿಲ್ಲುವ ಕಾಲಕ್ಕೆಂದು ಮಾರುವ ಐಸೋಫ್ಲೇವೋನ್ ಮಾತ್ರೆಗಳ ಮಾತೇ ಬೇರೆ. ಅವು ಸಾಂದ್ರ ರೂಪದವು. ಟಮಾಕ್ಸಿಫೆನ್, ಅಥವಾ ದೇಹದಲ್ಲಿ ಈಸ್ಟ್ರೋಜನ್ ತಯಾರಾಗುವುದನ್ನು ತಡೆಯುವ ಲೆಟ್ರೋಜೋಲ್ ನಡೆಯುತ್ತಿರುವಾಗ ಕ್ಯಾನ್ಸರ್ ವೈದ್ಯರನ್ನು ಕೇಳದೆ ಅವನ್ನು ಮುಟ್ಟಬಾರದು. ಶತಾವರಿ ಲೇಹ್ಯ ತಿನ್ನುವವರೂ ಅದನ್ನು ವೈದ್ಯರಿಗೆ ಹೇಳಲೇಬೇಕು.

ಗರ್ಭನಿರೋಧಕ ಮಾತ್ರೆಯಲ್ಲಿ ನೋಡಬೇಕಾದದ್ದು ಕಿಣ್ವ. ಗ್ರೇಪ್‌ಫ್ರೂಟ್ ರಸ ಕರುಳಿನ ಗೋಡೆಯ ಸಿವೈಪಿ3ಎ4 ಕಿಣ್ವವನ್ನು ತಡೆದು ಮಾತ್ರೆಯಲ್ಲಿರುವ ಕೃತಕ ಈಸ್ಟ್ರೋಜನ್ ಎಥಿನೈಲ್ ಈಸ್ಟ್ರಾಡಯೋಲ್ ಮಟ್ಟವನ್ನು ಏರಿಸಬಲ್ಲದು. ಇದನ್ನು ಮಾಡುವುದು ಆ ಹಣ್ಣಿನಲ್ಲಿರುವ ಫ್ಯುರಾನೋಕೌಮರಿನ್ ಎಂಬ ವಸ್ತುಗಳು, ಸಸ್ಯ ಈಸ್ಟ್ರೋಜನ್ ಅಲ್ಲ. ನಮ್ಮ ಚಕ್ಕೋತದಲ್ಲೂ ಅವು ಇವೆ.

ಇನ್ನು ದಿನನಿತ್ಯ ಎದುರಾಗುವ ತೊಂದರೆ ಥೈರಾಯ್ಡ್ ಮಾತ್ರೆಯದು. ಒಂದು ಸಂದರ್ಭ ಊಹಿಸಿಕೊಳ್ಳಿ. ಮಂಡ್ಯದ ಹತ್ತಿರದ ಹಳ್ಳಿಯ ಐವತ್ತರ ಹೆಂಗಸು. ಥೈರಾಯ್ಡ್ ಮಾತ್ರೆ ಲೆವೋಥೈರಾಕ್ಸಿನ್ ತಪ್ಪಿಸಿಲ್ಲ, ಆದರೂ ಟಿಎಸ್‌ಎಚ್ (ಥೈರಾಯ್ಡ್ ಹಾರ್ಮೋನ್ ಸಾಲದಾದಾಗ ರಕ್ತದಲ್ಲಿ ಹೆಚ್ಚುವ ಹಾರ್ಮೋನ್) ಏರಿದೆ. ‘ಬೇರೆ ಏನಾದ್ರೂ ಔಷಧಿ ತಗೋತೀರಾ ಅಮ್ಮಾ?’ ಅಂದರೆ ‘ಇಲ್ಲ ಕಣಪ್ಪ’ ಅನ್ನುತ್ತಾರೆ. ‘ಬೆಳಗ್ಗೆ ಮಾತ್ರೆ ಆದ್ಮೇಲೆ ಏನು ಕುಡೀತೀರಿ?’ ಅಂತ ಕೇಳಿ. ಆಗ ಬರುತ್ತದೆ: ‘ಮಗ ತಂದುಕೊಟ್ಟವ್ನೆ, ಶಕ್ತಿ ಬರ್ಲಿ ಅಂತ, ಸೋಯಾ ಪೌಡರು.’ ಸೋಯಾ ಕರುಳಿನಲ್ಲೇ ಔಷಧಿಯ ಹೀರಿಕೆಯನ್ನು ತಗ್ಗಿಸುತ್ತದೆ. ಈಸ್ಟ್ರೋಜನ್ ಗ್ರಾಹಕಕ್ಕೂ ಇದಕ್ಕೂ ಸಂಬಂಧವಿಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳೂ ಇದೇ ಥರ ಅಡ್ಡ ಬರುತ್ತವೆ.

ಆಕೆ ಪೌಡರ್ ಬಿಡಬೇಕಾಗಿಲ್ಲ. ಮಾತ್ರೆ ಬರೀ ಹೊಟ್ಟೆಗೆ ನೀರಿನಲ್ಲಿ, ತಿಂಡಿಗೆ ಅರ್ಧದಿಂದ ಒಂದು ಗಂಟೆ ಮೊದಲು. ಸೋಯಾಕ್ಕೆ ನಾಲ್ಕು ಗಂಟೆಯಾದರೂ ಅಂತರ, ಅದಕ್ಕಿಂತ ಸಂಜೆಗೆ ಹಾಕಿಬಿಟ್ಟರೆ ಮರೆಯುವುದಿಲ್ಲ. ಲೆವೋಥೈರಾಕ್ಸಿನ್‌ನ ಅರ್ಧಾಯು (ರಕ್ತದಲ್ಲಿ ಅದರ ಮಟ್ಟ ಅರ್ಧಕ್ಕಿಳಿಯಲು ಬೇಕಾದ ಸಮಯ) ಸುಮಾರು 7 ದಿನ, ಹಾಗಾಗಿ ಮಾರನೇ ವಾರವೇ ರಕ್ತ ಕೊಟ್ಟು ಪ್ರಯೋಜನವಿಲ್ಲ. 6ರಿಂದ 8 ವಾರ ಬಿಟ್ಟು ಟಿಎಸ್‌ಎಚ್ ನೋಡಿ, ಡೋಸ್ ಏರಿಸುವುದೋ ಬೇಡವೋ ಅಂತ ವೈದ್ಯರು ಆಮೇಲೆ ತೀರ್ಮಾನಿಸುತ್ತಾರೆ.